ಸಸಿಯಿಂದ ರಸೀದಿಯವರೆಗೆ: ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ದಾಸ್ತಾನಿನ ಲೆಕ್ಕ ಇಡುವ ಬಗೆ

“ಕಂಪ್ಯೂಟರ್ 48 ತೋರಿಸುತ್ತಿದೆ, ಕಪಾಟಿನಲ್ಲಿ 46 ಇದೆ. ಎರಡನ್ನು ಕಳೆದು ಸರಿಮಾಡಿಬಿಡಲೇ?” ಸಂಖ್ಯೆಗಳು ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಕೇಳುವವರು ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಗಾಂಜಾ ತೋಟ, ಗೋದಾಮು, ಅಂಗಡಿಗಳಿಗೆ ಲೆಕ್ಕ ಬರೆಯುವ, ಬಿಲ್ಲಿಂಗ್ ತಂತ್ರಾಂಶ ರೂಪಿಸುವ ಅಥವಾ ಹಣ ಹಾಕಿ ಪಾಲುದಾರರಾಗಿರುವ ಕನ್ನಡಿಗರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ, ಸಸಿ ಬೇರೂರುವುದರಿಂದ ಗಿರಾಕಿಯ ಕೈಗೆ ರಸೀದಿ ಸೇರುವವರೆಗಿನ ದಾರಿಯನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. 48 ಮತ್ತು 46ರ ಉತ್ತರ ಎಂಟನೆಯ ಹಂತದಲ್ಲಿದೆ. ಆದರೆ ನೇರವಾಗಿ ಅಲ್ಲಿಗೆ ಹಾರಬೇಡಿ. ಆ ಎರಡು ಡಬ್ಬಿಗಳು ತಪ್ಪಿಹೋದದ್ದು ಬಹುಮಟ್ಟಿಗೆ ಅದಕ್ಕೂ ಹಿಂದಿನ ಯಾವುದೋ ಹಂತದಲ್ಲಿ.

ಮೊದಲು ಎರಡು ಎಚ್ಚರಿಕೆ.

ಇದು ಕರ್ನಾಟಕದಲ್ಲಿ ಕುಳಿತು ಬಳಸುವ ಮಾರ್ಗದರ್ಶಿಯಲ್ಲ. ಭಾರತದಲ್ಲಿ ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯಿದೆ ಜಾರಿಯಲ್ಲಿದೆ. ಜೋಳದ ಸಾಲಿನ ನಡುವೆ ನಾಲ್ಕು ಗಾಂಜಾ ಗಿಡ ಬೆಳೆಸಿದರೂ ಅದು ಅಪರಾಧವೇ.

ಎರಡನೆಯದು ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ. ಕ್ಯಾಲಿಫೋರ್ನಿಯಾ ಒಪ್ಪಿದರೂ ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿಗೆ ಗಾಂಜಾ ನಿಯಂತ್ರಿತ ಮಾದಕವಸ್ತುವೇ. ರಾಜ್ಯದ ಕಾನೂನಿನ ಪ್ರಕಾರವೇ ನಡೆದ ಗಾಂಜಾ ವ್ಯವಹಾರವೂ ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಯ ಷರತ್ತಿಗೆ ಅಡ್ಡಿಯಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಈ ಕ್ಷೇತ್ರದಲ್ಲಿ ಮಾಡುವ ಉದ್ಯೋಗವೂ ಅದರೊಳಗೆ ಬರಬಹುದು. “ನಾನು ಬರೀ ಲೆಕ್ಕ ಬರೆಯುತ್ತೇನೆ, ಗಿಡ ಮುಟ್ಟುವುದಿಲ್ಲ” ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ವಲಸೆ ವಕೀಲರನ್ನು ಕಾಣಿ. ಈ ಲೇಖನದಲ್ಲಿ ಇದೊಂದನ್ನೇ ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ.

ಇಷ್ಟು ಬಿಗಿ ಏಕೆ?

ಕ್ಯಾಲಿಫೋರ್ನಿಯಾದ ಮತದಾರರು 2016ರ ನವೆಂಬರ್‌ನಲ್ಲಿ, ವಯಸ್ಕರ ಗಾಂಜಾ ಬಳಕೆಯನ್ನು ಕಾನೂನುಬದ್ಧ ಮಾಡುವ 64ನೆಯ ಪ್ರಸ್ತಾವವನ್ನು ಒಪ್ಪಿದರು. ವಯಸ್ಕರಿಗೆ ಅಂಗಡಿಯಲ್ಲಿ ಮಾರಾಟ 2018ರ ಜನವರಿ 1ರಂದು ಶುರುವಾಯಿತು. ಮೊದಲಿಗೆ ಬೆಳೆಗೆ ಒಂದು ಇಲಾಖೆ, ತಯಾರಿಕೆಗೆ ಇನ್ನೊಂದು, ಮಾರಾಟಕ್ಕೆ ಮತ್ತೊಂದು ಇದ್ದವು. 2021ರ ಜುಲೈಯಲ್ಲಿ ಮೂರನ್ನೂ ಸೇರಿಸಿ ಗಾಂಜಾ ನಿಯಂತ್ರಣ ಇಲಾಖೆ ಎಂಬ ಒಂದೇ ಇಲಾಖೆ ಮಾಡಿದರು. ಪರವಾನಗಿ ಇದ್ದವರೆಲ್ಲರೂ ತಮ್ಮ ಮಾಲಿನ ಪ್ರತಿ ಚಲನೆಯನ್ನೂ ರಾಜ್ಯದ ‘ಟ್ರ್ಯಾಕ್ ಅಂಡ್ ಟ್ರೇಸ್’ ವ್ಯವಸ್ಥೆಯಲ್ಲಿ, ಅಂದರೆ ಜಾಡು ಹಿಡಿಯುವ ಕಂಪ್ಯೂಟರ್ ಖಾತೆಯಲ್ಲಿ, ದಾಖಲಿಸಬೇಕು. ಅದನ್ನು ನಡೆಸುವ ತಂತ್ರಾಂಶದ ಹೆಸರು ಮೆಟ್ರಿಕ್. ಮೀಟರ್-ಲೀಟರ್‌ಗಳ ಮೆಟ್ರಿಕ್‌ಗೂ, ನಮ್ಮ ಅಜ್ಜಂದಿರು ಪಾಸಾದ ಮೆಟ್ರಿಕ್‌ಗೂ ಇದಕ್ಕೆ ಸಂಬಂಧವಿಲ್ಲ.

ಸರ್ಕಾರದ ಭಯ ಎರಡು. ಒಂದು, ಪರವಾನಗಿ ತೋಟದ ಮಾಲು ಕಳ್ಳಮಾರುಕಟ್ಟೆಗೆ ಅಥವಾ ಬೇರೆ ರಾಜ್ಯಕ್ಕೆ ಸೋರಿಹೋಗುವುದು. ಎರಡು, ಲೆಕ್ಕಕ್ಕೆ ಸಿಗದ, ಪರೀಕ್ಷೆಯಾಗದ ಹೊರಗಿನ ಮಾಲು ಪರವಾನಗಿ ಅಂಗಡಿಯೊಳಕ್ಕೆ ನುಸುಳುವುದು. ನಮ್ಮ ಕಿರಾಣಿ ಬುದ್ಧಿಗೆ ಮೊದಲನೆಯದು ಬೇಗ ಹೊಳೆಯುತ್ತದೆ, ಎರಡನೆಯದು ಹೊಳೆಯುವುದಿಲ್ಲ. ಎಣಿಸಿದಾಗ ಎರಡು ಹೆಚ್ಚು ಬಂದರೆ “ಲಾಭವೇ ಆಯಿತಲ್ಲ” ಅನ್ನಿಸುತ್ತದೆ. ಇಲ್ಲಿ ಹೆಚ್ಚಿಗೆ ಬಂದರೂ ಕಡಿಮೆ ಬಂದಷ್ಟೇ ಅನುಮಾನ.

ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರ ಮನೆಯಿಂದ ಬಂದವರಿಗೆ ಪರವಾನಗಿ ಬೆಳೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಂಡಳಿಯ ನೋಂದಣಿ, ಇಷ್ಟೇ ಬೆಳೆಯಬೇಕೆಂಬ ಮಿತಿ, ಹರಾಜು ಅಂಗಳ ಎಲ್ಲವನ್ನೂ ಅವರು ಕಂಡಿದ್ದಾರೆ. ಇಲ್ಲಿ ಅದೇ ಬಿಗಿ ಒಂದೊಂದು ಗಿಡದ ಮಟ್ಟಕ್ಕೆ ಇಳಿದಿದೆ ಎಂದುಕೊಳ್ಳಿ.

ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಲೆಕ್ಕ ತಪ್ಪುವುದು ಮಾಲು ರೂಪ ಬದಲಿಸುವ ಜಾಗದಲ್ಲಿ. ಗಿಡ ತೂಕವಾಗುತ್ತದೆ, ಹಸಿ ತೂಕ ಒಣ ತೂಕವಾಗುತ್ತದೆ, ಒಣ ತೂಕ ಡಬ್ಬಿಗಳ ಎಣಿಕೆಯಾಗುತ್ತದೆ. ಈ ಮೂರು ತಿರುವುಗಳಲ್ಲಿ ಕಣ್ಣಿಟ್ಟರೆ ಉಳಿದ ದಾರಿ ಬಹುಪಾಲು ನೇರ.

ಹಂತ 1: ಗಿಡಕ್ಕೂ ಮುಂಚೆ ಖಾತೆ

ಪ್ರತಿ ಪರವಾನಗಿಗೂ ಒಬ್ಬ ಖಾತೆ ನಿರ್ವಾಹಕ ಬೇಕು. ಅವರು ಮೆಟ್ರಿಕ್ ತರಬೇತಿ ಮುಗಿಸಿರಬೇಕು. ಉಳಿದ ಕೆಲಸಗಾರರಿಗೆ ಪ್ರತ್ಯೇಕ ಲಾಗಿನ್ ಕೊಡುವವರೂ ಅವರೇ. ಒಂದೇ ಲಾಗಿನ್‌ನಲ್ಲಿ ನಾಲ್ಕು ಜನ ಕೆಲಸ ಮಾಡುವ ಅಭ್ಯಾಸ ಎಷ್ಟೋ ತೋಟಗಳಲ್ಲಿ ಕಾಣುತ್ತದೆ. ನಿಯಮ ಅದನ್ನು ಒಪ್ಪುವುದಿಲ್ಲ ಎಂಬುದು ಒಂದು ಕಡೆ. ತಪ್ಪು ನಮೂದು ಯಾರದೆಂದು ತಿಳಿಯದೆ ತಲೆ ಚಚ್ಚಿಕೊಳ್ಳುವುದು ಇನ್ನೊಂದು ಕಡೆ.

ಬೇಕಾದ ಸಾಮಗ್ರಿ ಇಷ್ಟು.

ಟ್ಯಾಗ್‌ಗಳು: ಗಿಡಕ್ಕೆ ಒಂದು ಬಗೆ, ಪ್ಯಾಕೇಜ್‌ಗೆ ಇನ್ನೊಂದು ಬಗೆ. ಪ್ರತಿ ಟ್ಯಾಗ್ ಮೇಲೆ 24 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಇದನ್ನು ಯುಐಡಿ ಎನ್ನುತ್ತಾರೆ. ಆ ಗಿಡದ ಅಥವಾ ಪ್ಯಾಕೇಜ್‌ನ ಆಧಾರ್ ಸಂಖ್ಯೆ ಎಂದುಕೊಳ್ಳಿ. ಒಮ್ಮೆ ಬಳಸಿದ ಟ್ಯಾಗನ್ನು ಮತ್ತೆ ಬಳಸುವಂತಿಲ್ಲ, ಪಕ್ಕದ ತೋಟದವರಿಂದ ಕೈಗಡ ತರುವಂತೆಯೂ ಇಲ್ಲ. ಮುಗಿಯುತ್ತಾ ಬಂದಾಗ ತರಿಸಿದರೆ ಆಯಿತೆಂದು ಕೂತರೆ ಕೊಯ್ಲಿನ ವಾರದಲ್ಲಿ ಕೈ ಕಟ್ಟಿ ನಿಲ್ಲಬೇಕಾಗುತ್ತದೆ.

ತಕ್ಕಡಿ: ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಅಳತೆ-ತೂಕ ಅಧಿಕಾರಿ ಪರೀಕ್ಷಿಸಿ ಮುದ್ರೆ ಹಾಕಿದ್ದೇ ಆಗಬೇಕು. ಅಡುಗೆಮನೆಯ ತಕ್ಕಡಿ ನಡೆಯುವುದಿಲ್ಲ.

ವಸ್ತುಗಳ ಪಟ್ಟಿ: ಮೆಟ್ರಿಕ್‌ನಲ್ಲಿ ಮೊದಲು ತಳಿಯ ಹೆಸರು, ಕೋಣೆ ಅಥವಾ ಜಾಗದ ಹೆಸರು, ವಸ್ತುವಿನ ಹೆಸರು ಮತ್ತು ವರ್ಗ ಬರೆದಿಡಬೇಕು. ಇಲ್ಲಿ ಅವಸರ ಮಾಡಬೇಡಿ. ಪ್ರತಿ ವಸ್ತುವನ್ನೂ ತೂಕದಲ್ಲಿ ಅಳೆಯುವುದೋ ಎಣಿಕೆಯಲ್ಲೋ ಎಂದು ನಿರ್ಧಾರವಾಗುವುದು ಈ ಪುಟದಲ್ಲಿ. ಡಬ್ಬಿಯಲ್ಲಿ ತುಂಬಿದ ಹೂವನ್ನು ತೂಕದ ವರ್ಗಕ್ಕೆ ಹಾಕಿಟ್ಟರೆ ಅಂಗಡಿಯಲ್ಲಿ ಒಂದು ಡಬ್ಬಿ ಮಾರಿದಾಗ ಕಂಪ್ಯೂಟರ್ ಒಂದು ಗ್ರಾಂ ಕಳೆಯುತ್ತದೆ. ನಗಬೇಡಿ, ಇದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರುಗಳನ್ನೂ ಒಂದೇ ಮಾದರಿಯಲ್ಲಿ ಬರೆಯಿರಿ: ತಳಿ, ರೂಪ, ಅಳತೆ, ಇದೇ ಕ್ರಮದಲ್ಲಿ.

ಹಂತ 2: ಸಸಿ

ತಾಯಿ ಗಿಡದ ಕಡ್ಡಿ ಕತ್ತರಿಸಿ ಬೇರು ಬರಿಸಿದ ಸಸಿಗಳನ್ನು ಒಂದೊಂದಾಗಿ ನೋಂದಾಯಿಸಬೇಕಾಗಿಲ್ಲ. ಒಂದೇ ತಳಿಯ 100 ಸಸಿಗಳವರೆಗೆ ಒಂದು ಗುಂಪು, ಆ ಗುಂಪಿಗೆ ಒಂದು ಯುಐಡಿ. ಗಿಡ ಹೂಬಿಡುವ ಹಂತಕ್ಕೆ ಬಂದಾಗ ಪ್ರತಿ ಗಿಡಕ್ಕೂ ಅದರದೇ ಟ್ಯಾಗ್ ಬೇಕು. ಅದನ್ನು ಕಾಂಡದ ಬುಡದಲ್ಲಿ, ಕಣ್ಣಿಗೆ ಕಾಣುವಂತೆ ಕಟ್ಟಬೇಕು. ಎಲೆಯ ಮರೆಯಲ್ಲಿ ಕಟ್ಟಿದರೆ ತಪಾಸಣೆಗೆ ಬಂದವರು ಪ್ರತಿ ಗಿಡವನ್ನೂ ಬಗ್ಗಿಸಿ ನೋಡಬೇಕಾಗುತ್ತದೆ. ಅವರ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂದು ಹೇಳಬೇಕಾಗಿಲ್ಲ.

ಸತ್ತ ಗಿಡವೂ ಲೆಕ್ಕದ ಗಿಡವೇ. ಬೂಷ್ಟು ಹಿಡಿದು ಕಿತ್ತೆಸೆದರೆ, ಕಾರಣ ಮತ್ತು ಕಸದ ತೂಕ ಬರೆದು ಖಾತೆಯಿಂದ ತೆಗೆಯಿರಿ. ಗಂಡು ಗಿಡ ಕಿತ್ತಾಗಲೂ ಇದೇ ಕ್ರಮ. ಚಟುವಟಿಕೆ ನಡೆದ 24 ಗಂಟೆಯೊಳಗೆ ನಮೂದಿಸಬೇಕು ಎಂಬುದು ಸಾಮಾನ್ಯ ನಿಯಮ. “ಶನಿವಾರ ಕೂತು ವಾರದ್ದೆಲ್ಲ ಬರೆದುಬಿಡುತ್ತೇನೆ” ಎನ್ನುವವರು ಆ ನಿಯಮವನ್ನು ವಾರಕ್ಕೆ ಆರು ಸಲ ಮುರಿಯುತ್ತಿರುತ್ತಾರೆ.

ಹಂತ 3: ಕೊಯ್ಲು, ಮೊದಲ ತಿರುವು

ಇದುವರೆಗೆ ಎಣಿಸುತ್ತಿದ್ದಿರಿ, ಇನ್ನು ತೂಗಬೇಕು. ಗಿಡ ಕೊಯ್ದ ಕೂಡಲೇ, ನೀರಿನ ಅಂಶ ಹೋಗುವ ಮುಂಚೆ, ಪ್ರತಿ ಗಿಡದ ಹಸಿ ತೂಕ ಹಿಡಿದು ಟ್ಯಾಗ್ ಸಂಖ್ಯೆಯ ಎದುರು ಬರೆಯಬೇಕು. ಒಂದೇ ತಳಿಯ, ಒಟ್ಟಿಗೆ ಕೊಯ್ದ ಗಿಡಗಳ ರಾಶಿಗೆ ‘ಹಾರ್ವೆಸ್ಟ್ ಬ್ಯಾಚ್’ ಎಂಬ ಹೆಸರು. ನಾವು ‘ಒಕ್ಕಣೆ ರಾಶಿ’ ಎನ್ನುವ ಹಾಗೆ. ರಾಶಿಯ ಹೆಸರಿನಲ್ಲಿ ತಳಿ ಮತ್ತು ದಿನಾಂಕ ಎರಡೂ ಇರಲಿ.

ಇಲ್ಲಿ ಆಗುವ ತಪ್ಪುಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬೆಳಿಗ್ಗೆ ಆರಕ್ಕೆ ಕೊಯ್ದ ಗಿಡವನ್ನು ಮಧ್ಯಾಹ್ನ ಎರಡಕ್ಕೆ ತೂಗುತ್ತಾರೆ. ಬಿಸಿಲಲ್ಲಿ ಬಿದ್ದ ಗಿಡ ಅಷ್ಟರಲ್ಲಿ ಬಾಡಿರುತ್ತದೆ. ಕೊನೆಗೆ ಒಣ ಮಾಲಿನ ಪ್ರಮಾಣ ಹಸಿ ತೂಕಕ್ಕೆ ಹೋಲಿಸಿದರೆ ಅಸಹಜವಾಗಿ ಹೆಚ್ಚು ಕಾಣುತ್ತದೆ, ಹೊರಗಿನ ಮಾಲು ಬೆರೆಸಿದ್ದೀರೆಂಬ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ತಕ್ಕಡಿಯನ್ನು ಗಿಡದ ಬಳಿಗೆ ಒಯ್ಯಿರಿ, ಗಿಡವನ್ನು ತಕ್ಕಡಿಯ ಬಳಿಗೆ ಒಯ್ಯಲು ಕಾಯಬೇಡಿ.

ಕ್ರೇಟಿನ ತೂಕ ಕಳೆಯುವುದನ್ನು ಮರೆಯುತ್ತಾರೆ. ಎಲ್ಲ ಕ್ರೇಟೂ ಒಂದೇ ತೂಕ ಎಂದು ನಂಬುತ್ತಾರೆ. ಪ್ರತಿ ಕ್ರೇಟಿನ ಮೇಲೂ ಅದರ ತೂಕವನ್ನು ಬಣ್ಣದಲ್ಲಿ ಬರೆದುಬಿಡಿ.

ಮೇಲಿನ ಮಾಗಿದ ಹೂಗೊಂಚಲು ಮಾತ್ರ ಕೊಯ್ದು, ಕೆಳಗಿನದು ಬಲಿಯಲೆಂದು ಗಿಡ ಉಳಿಸುವುದುಂಟು. ಆಗ ಪೂರ್ತಿ ಕೊಯ್ಲು ಎಂದು ನಮೂದಿಸಿದರೆ ಗಿಡ ಖಾತೆಯಿಂದ ಮಾಯವಾಗುತ್ತದೆ, ನೆಲದ ಮೇಲೆ ಇದ್ದೇ ಇರುತ್ತದೆ! ಇಂಥ ಭಾಗಶಃ ಕೊಯ್ಲಿಗೆ ಮೆಟ್ರಿಕ್‌ನಲ್ಲಿ ‘ಮ್ಯಾನಿಕ್ಯೂರ್’ ಎಂಬ ಬೇರೆಯೇ ಆಯ್ಕೆ ಇದೆ. ಉಗುರಿನ ಸಿಂಗಾರದ ಹೆಸರನ್ನು ಇದಕ್ಕೇಕೆ ಇಟ್ಟರೋ! ಅದನ್ನೇ ಬಳಸಿ.

ಒಣಗಲು ತೂಗುಹಾಕಿದ ಸಾಲಿನ ತುದಿಯಲ್ಲಿ ರಾಶಿಯ ಹೆಸರು ಬರೆದ ಹಲಗೆ ಇರಲಿ, ಗಿಡಗಳ ಟ್ಯಾಗ್‌ಗಳೂ ಅಲ್ಲೇ ಇರಲಿ.

ಹಂತ 4: ಒಣಗಿದ ಮೇಲೆ, ಎರಡನೆಯ ತಿರುವು

ಅಡಿಕೆ ಬೆಳೆಯುವವರಿಗೆ, ಕಾಫಿ ಹಣ್ಣು ಒಣಗಿಸಿದವರಿಗೆ ಈ ಗಣಿತ ಹೊಸದಲ್ಲ. ಹಸಿ ಹೂವಿನ ತೂಕದಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗ ಮಾತ್ರ ಒಣಗಿದ ಮೇಲೆ ಉಳಿಯುತ್ತದೆ. ಕಾಂಡ, ಅಗಲ ಎಲೆ ಕಸಕ್ಕೆ ಹೋಗುತ್ತವೆ. ಹಾಗಾಗಿ ರಾಶಿಯ ಸಮೀಕರಣ ಹೀಗೆ:

ಹಸಿ ತೂಕ = ಪ್ಯಾಕೇಜ್ ಮಾಡಿದ ತೂಕ + ಕಸದ ತೂಕ + ಆವಿಯಾದ ನೀರು

ಮೊದಲ ಎರಡನ್ನು ತೂಗಬಹುದು. ಮೂರನೆಯದನ್ನು ತೂಗಲಾಗುವುದಿಲ್ಲ, ನೀವು ರಾಶಿಯನ್ನು ‘ಮುಗಿಯಿತು’ ಎಂದು ಮುಚ್ಚಿದಾಗ ಉಳಿದ ಅಂಕಿಯನ್ನೆಲ್ಲ ಮೆಟ್ರಿಕ್ ತೇವಾಂಶ ನಷ್ಟ ಎಂದು ಬರೆದುಕೊಳ್ಳುತ್ತದೆ. ಈ ಸೌಲಭ್ಯವೇ ದೊಡ್ಡ ಗುಂಡಿ. ಕಸ ತೂಗಿ ಬರೆಯುವ ಮುಂಚೆ ರಾಶಿ ಮುಚ್ಚಿದರೆ ಕಸವೂ ನೀರಿನ ಲೆಕ್ಕಕ್ಕೆ ಸೇರುತ್ತದೆ. ಒಂದು ರಾಶಿಯಲ್ಲಿ ನೂರಕ್ಕೆ 70 ನೀರು, ಅದೇ ತಳಿಯ ಮುಂದಿನ ರಾಶಿಯಲ್ಲಿ ನೂರಕ್ಕೆ 85 ನೀರು ಎಂದು ಬಂದರೆ, ಆ ವ್ಯತ್ಯಾಸದಲ್ಲಿ ಮಾಲು ಎಲ್ಲಿ ಹೋಯಿತು ಎಂದು ಕೇಳಿದವರಿಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಕಸ ತೂಗಿ ಬರೆಯಿರಿ, ಪ್ಯಾಕೇಜ್ ಮಾಡಿ, ಮತ್ತೆ ಉಳಿದ ಪುಡಿ-ಕಡ್ಡಿ ತೂಗಿ ಬರೆಯಿರಿ, ಕೊನೆಗೆ ಮುಚ್ಚಿ. ತಳಿವಾರು ಹಸಿ-ಒಣ ಅನುಪಾತವನ್ನು ನಿಮ್ಮದೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕೈದು ರಾಶಿಗಳ ನಂತರ ಯಾವ ಅಂಕಿ ಸಹಜ, ಯಾವುದು ಅಸಹಜ ಎಂದು ಕಣ್ಣಿಗೇ ತಿಳಿಯುತ್ತದೆ.

ಒಣಗಿಸದೆ ಹಸಿಯಾಗಿಯೇ ಹೆಪ್ಪುಗಟ್ಟಿಸಿ ಸಾರ ತೆಗೆಯುವವರಿಗೆ ಮಾರುವುದಾದರೆ ಈ ತಲೆನೋವಿಲ್ಲ. ಕೊಯ್ದ ದಿನವೇ ಪ್ಯಾಕೇಜ್ ಆಗಿಬಿಡುತ್ತದೆ.

ಪ್ಯಾಕೇಜ್ ಎಂದರೆ ಇಲ್ಲಿ ಚಿಕ್ಕ ಪೊಟ್ಟಣವೆಂದೇ ಅರ್ಥವಲ್ಲ. ಒಂದು ಯುಐಡಿ ಟ್ಯಾಗ್ ಹೊತ್ತ ಯಾವುದೇ ರಾಶಿಯೂ ಪ್ಯಾಕೇಜ್: 20 ಪೌಂಡ್ ಚೀಲವೂ ಹೌದು, 200 ಡಬ್ಬಿಗಳ ಪೆಟ್ಟಿಗೆಯೂ ಹೌದು. ಒಂದರಿಂದ ಇನ್ನೊಂದನ್ನು ಮಾಡಿದಾಗಲೆಲ್ಲ ಹೊಸ ಟ್ಯಾಗ್ ಬೇಕು. ಹಳೆಯದು ತಾಯಿ, ಹೊಸದು ಮಗು. ಈ ವಂಶಾವಳಿಯನ್ನು ಹಿಡಿದೇ ಒಂದು ಡಬ್ಬಿಯಿಂದ ಹಿಂದಕ್ಕೆ ಗಿಡದವರೆಗೆ ಹೋಗಲು ಸಾಧ್ಯವಾಗುವುದು.

ಹಂತ 5: ಸಾಗಣೆ

ತೋಟದಿಂದ ಮಾಲು ಹೊರಡಬೇಕಾದರೆ ಪರವಾನಗಿ ಪಡೆದ ವಿತರಕರ ವಾಹನ ಬೇಕು, ಮ್ಯಾನಿಫೆಸ್ಟ್ ಬೇಕು. ನಮ್ಮ ಕಡೆ ಮರ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಲ್ಲ, ಇದೂ ಹಾಗೆಯೇ. ಕಳಿಸುವವರ ಮತ್ತು ಪಡೆಯುವವರ ಪರವಾನಗಿ ಸಂಖ್ಯೆ, ಪ್ರತಿ ಪ್ಯಾಕೇಜ್‌ನ ಯುಐಡಿ ಮತ್ತು ಪ್ರಮಾಣ, ಚಾಲಕ, ವಾಹನ, ಹೊರಡುವ-ತಲುಪುವ ಅಂದಾಜು ಸಮಯ ಅದರಲ್ಲಿರುತ್ತವೆ. ವಾಹನ ಗೇಟು ದಾಟುವ ಮುಂಚೆಯೇ ಅದು ವ್ಯವಸ್ಥೆಯಲ್ಲಿ ತಯಾರಾಗಿರಬೇಕು. ಚಾಲಕನೋ ವಾಹನವೋ ಕೊನೆ ಗಳಿಗೆಯಲ್ಲಿ ಬದಲಾದರೆ ರಹದಾರಿಯನ್ನೂ ಬದಲಿಸಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ ನೋಡುವುದು ಅದನ್ನೇ. ನೆವಾಡಾ, ಒರೆಗಾನ್‌ಗಳಲ್ಲೂ ಮಾರಾಟ ಕಾನೂನುಬದ್ಧವೆಂದು ಗಡಿ ದಾಟಿಸುವ ಯೋಚನೆ ಬೇಡ. ರಾಜ್ಯದ ಗೆರೆ ದಾಟಿದರೆ ಅದು ಫೆಡರಲ್ ಅಪರಾಧ.

ಹಂತ 6: ಪ್ರಯೋಗಾಲಯ

ವಿತರಕರ ಗೋದಾಮಿನಲ್ಲಿ ಮಾಲು ಪರೀಕ್ಷೆಗೆ ಕಾಯುತ್ತದೆ. ಹೂವಿನ ಒಂದು ಪರೀಕ್ಷಾ ರಾಶಿ 50 ಪೌಂಡ್ ಮೀರುವಂತಿಲ್ಲ, ಅಂದರೆ ಸುಮಾರು 22.7 ಕಿಲೊ. ಮಾದರಿಯನ್ನು ತೆಗೆಯಬೇಕಾದವರು ಪ್ರಯೋಗಾಲಯದ ಸಿಬ್ಬಂದಿ. ನಿಮ್ಮವರು ಆರಿಸಿ ಕೊಟ್ಟದ್ದು ಮಾದರಿಯಲ್ಲ. ತೆಗೆಯುವುದನ್ನು ವಿಡಿಯೊ ಮಾಡಬೇಕು. ಕೀಟನಾಶಕ, ಭಾರಲೋಹ, ಸೂಕ್ಷ್ಮಾಣು, ಶಿಲೀಂಧ್ರ ವಿಷ, ತೇವಾಂಶ, ಮತ್ತಿನ ಅಂಶದ ಪ್ರಮಾಣ ಇವೆಲ್ಲ ನೋಡಿ ವಿಶ್ಲೇಷಣಾ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಎಲ್ಲರೂ ಸಿಓಎ ಎಂದೇ ಕರೆಯುತ್ತಾರೆ.

ಲೆಕ್ಕದವರು ಮರೆಯುವುದು ಮಾದರಿಯ ತೂಕವನ್ನು. ಪ್ರಯೋಗಾಲಯ ಒಯ್ದ ಗ್ರಾಂಗಳು ನಿಮ್ಮ ಪ್ಯಾಕೇಜ್‌ನಿಂದ ಕಳೆದು ಬೇರೆ ಯುಐಡಿಗೆ ಹೋಗಿವೆಯೇ ನೋಡಿ. ಪಾಸಾದ ಮೇಲೂ ಲೇಬಲ್ ಮೇಲಿನ ಸಂಖ್ಯೆ, ಸಿಓಎ ಮೇಲಿನ ಸಂಖ್ಯೆ, ಟ್ಯಾಗ್ ಸಂಖ್ಯೆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದಿ. 24 ಅಂಕಿಗಳಲ್ಲಿ ಮೊದಲ ಹತ್ತು-ಹನ್ನೆರಡು ಎಲ್ಲದರಲ್ಲೂ ಒಂದೇ ಥರ ಕಾಣುತ್ತವೆ. ಕೊನೆಯ ಐದಾರನ್ನು ಬೆರಳಿಟ್ಟು ಓದಬೇಕು.

ಹಂತ 7: ತೂಕದಿಂದ ಎಣಿಕೆಗೆ, ಮೂರನೆಯ ತಿರುವು

ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ದೊಡ್ಡ ಜಾಡಿಯಿಂದ ತೆಗೆದು ತೂಗಿ ಕಟ್ಟಿಕೊಡುವಂತಿಲ್ಲ. ಮಾಲು ಲೇಬಲ್ ಸಹಿತ ಡಬ್ಬಿಯಲ್ಲೇ ಬರಬೇಕು. ಹಾಗಾಗಿ ತೂಕ ಎಣಿಕೆಯಾಗುವುದು ಅಂಗಡಿಗೆ ಬರುವ ಮುಂಚೆ, ಪ್ಯಾಕಿಂಗ್ ಮೇಜಿನ ಮೇಲೆ.

ಅಲ್ಲಿ ಕೂತು ಈ ಗುಣಾಕಾರ ಮಾಡಿ. ಒಂದು ಪೌಂಡ್ ಎಂದರೆ 453.59 ಗ್ರಾಂ. ವ್ಯಾಪಾರದವರು ಔನ್ಸ್‌ಗೆ 28 ಗ್ರಾಂ ಎಂದು ಬಾಯಿಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಪೌಂಡ್ 448 ಗ್ರಾಂ ಆಗುತ್ತದೆ. ಪೌಂಡ್‌ಗೆ ಐದೂವರೆ ಗ್ರಾಂ ತಾನೇ ಎನ್ನಬೇಡಿ. 50 ಪೌಂಡ್ ರಾಶಿಗೆ ಅದು ಸುಮಾರು 280 ಗ್ರಾಂ, 3.5 ಗ್ರಾಂ ಡಬ್ಬಿಯ ಲೆಕ್ಕದಲ್ಲಿ 80 ಡಬ್ಬಿ. ಒಬ್ಬ ಪರಿಚಿತರ ಗೋದಾಮಿನಲ್ಲಿ ತಿಂಗಳುಗಟ್ಟಲೆ ‘ಹೆಚ್ಚಿಗೆ’ ಬರುತ್ತಿದ್ದ ಮಾಲಿನ ರಹಸ್ಯ ಇಷ್ಟೇ ಆಗಿತ್ತು. ಕಳ್ಳರನ್ನು ಹುಡುಕುವ ಮುಂಚೆ ಕ್ಯಾಲ್ಕುಲೇಟರ್ ಹುಡುಕಿ. ಎಲ್ಲ ಹಂತದಲ್ಲೂ ಗ್ರಾಂ ಒಂದನ್ನೇ ಬಳಸಿ, ಪೌಂಡ್-ಔನ್ಸ್‌ಗಳನ್ನು ಮಾತಿಗೆ ಮಾತ್ರ ಬಿಡಿ.

ತುಂಬುವಾಗ ಮೇಜಿಗೆ ಉದುರಿದ್ದನ್ನು, ಡಬ್ಬಿಗೆ ಒಂದೆರಡು ಚಿಟಿಕೆ ಹೆಚ್ಚು ಬಿದ್ದದ್ದನ್ನು ದಿನದ ಕೊನೆಗೆ ತೂಗಿ, ಕಾರಣ ಸಹಿತ ಹೊಂದಾಣಿಕೆ ನಮೂದು ಮಾಡಿ.

ಹಂತ 8: ಅಂಗಡಿ

ಮಾಲು ಸ್ವೀಕರಿಸುವಾಗ ಚಾಲಕ ಅವಸರದಲ್ಲಿರುತ್ತಾನೆ. ಇರಲಿ. ಪೆಟ್ಟಿಗೆ ತೆರೆದು ಎಣಿಸಿ, ನಂತರವೇ ‘ಸ್ವೀಕರಿಸಿದೆ’ ಒತ್ತಿ. ಬಿಲ್ಲಿನಲ್ಲಿ ಇಲ್ಲದ ಮಾಲು, ಒಡೆದ ಡಬ್ಬಿ, ಲೇಬಲ್ ತಪ್ಪಿದ ಡಬ್ಬಿ ಇವನ್ನು ಅಲ್ಲೇ ತಿರಸ್ಕರಿಸಿ. ಒತ್ತಿದ ಮೇಲೆ ಕೊರತೆ ನಿಮ್ಮದು.

ಮಾರಾಟ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಾತ್ರ. 21 ವರ್ಷ ತುಂಬಿದ ಗಿರಾಕಿಗೆ ದಿನಕ್ಕೆ 28.5 ಗ್ರಾಂ ಹೂವು, 8 ಗ್ರಾಂ ಸಾಂದ್ರ ಸಾರ ಮಿತಿ. ವೈದ್ಯರ ಶಿಫಾರಸು ಇದ್ದವರಿಗೆ ಮಿತಿ ಬೇರೆ. ಪಿಓಎಸ್, ಅಂದರೆ ಕೌಂಟರಿನ ಬಿಲ್ಲಿಂಗ್ ತಂತ್ರಾಂಶ, 3.5 ಗ್ರಾಂನ ಎಂಟು ಡಬ್ಬಿಗಳಿಗೆ ಹೂಂ ಎಂದು, ಒಂಬತ್ತನೆಯದಕ್ಕೆ ತಡೆಯಬೇಕು. ಅಂಗಡಿ ತೆರೆಯುವ ಮುಂಚೆ ಇದನ್ನು ನೀವೇ ಪರೀಕ್ಷಿಸಿ ನೋಡಿ.

ಬಿಲ್ಲಿಂಗ್ ತಂತ್ರಾಂಶ ತಾನಾಗಿಯೇ ಮೆಟ್ರಿಕ್‌ಗೆ ಮಾರಾಟದ ವಿವರ ಕಳಿಸುತ್ತದೆ. ಎಪಿಐ ಎನ್ನುವುದು ಈ ಎರಡರ ನಡುವಿನ ಕೊಳವೆ. ಕೊಳವೆ ಕಟ್ಟಿಕೊಂಡದ್ದು ಯಾರಿಗೂ ಗೊತ್ತಾಗದೆ ದಿನಗಳು ಕಳೆಯುತ್ತವೆ. ಆದ್ದರಿಂದ ಪ್ರತಿ ರಾತ್ರಿ ಎರಡು ಅಂಕಿ ಹೋಲಿಸಿ: ಪಿಓಎಸ್‌ನ ರಸೀದಿಗಳ ಸಂಖ್ಯೆ, ಮೆಟ್ರಿಕ್ ತಲುಪಿದ ರಸೀದಿಗಳ ಸಂಖ್ಯೆ. ಐದು ನಿಮಿಷದ ಕೆಲಸ.

ಈಗ 48 ಮತ್ತು 46. ಸರಿಮಾಡುವ ಗುಂಡಿ ಒತ್ತುವ ಮುಂಚೆ ಈ ಕ್ರಮದಲ್ಲಿ ಹುಡುಕಿ.

ಮೊದಲಿಗೆ, ಮೆಟ್ರಿಕ್ ತಲುಪದ ರಸೀದಿ ಇದೆಯೇ? ಇದ್ದರೆ ಅಲ್ಲಿಗೆ ಮುಗಿಯಿತು.

ಇಲ್ಲವಾದರೆ ಅದೇ ಬ್ರ್ಯಾಂಡಿನ, ಅದೇ ತಳಿಯ, ಬೇರೆ ಯುಐಡಿಯ ಡಬ್ಬಿಗಳನ್ನು ಎಣಿಸಿ. ಅಲ್ಲಿ ಎರಡು ಹೆಚ್ಚಿದ್ದರೆ ಕೌಂಟರಿನವರು ಒಂದು ರಾಶಿಯ ಡಬ್ಬಿ ಕೊಟ್ಟು ಇನ್ನೊಂದು ರಾಶಿಯ ಬಿಲ್ ಹಾಕಿದ್ದಾರೆ. ನಾನು ಕಂಡ ಅಂಗಡಿ ವ್ಯತ್ಯಾಸಗಳಲ್ಲಿ ಇದರ ಪಾಲೇ ದೊಡ್ಡದು. ಮದ್ದು ಸುಲಭ: ಹಳೆಯ ರಾಶಿ ಮುಗಿಯುವವರೆಗೆ ಹೊಸ ರಾಶಿಯನ್ನು ಕಪಾಟಿಗೆ ಇಡಬೇಡಿ, ಹೆಸರು ಆರಿಸಿ ಬಿಲ್ ಹಾಕಬೇಡಿ, ಡಬ್ಬಿಯನ್ನೇ ಸ್ಕ್ಯಾನ್ ಮಾಡಿ.

ಆಮೇಲೆ ಪ್ರದರ್ಶನಕ್ಕೆ ತೆರೆದಿಟ್ಟ ಡಬ್ಬಿ, ಗಿರಾಕಿ ಹಿಂದಿರುಗಿಸಿದ ಡಬ್ಬಿ, ಮನೆಗೆ ತಲುಪಿಸುವ ವಾಹನದಲ್ಲಿ ಉಳಿದ ಡಬ್ಬಿ ನೋಡಿ. ಹಿಂದಿರುಗಿ ಬಂದದ್ದನ್ನು ಮತ್ತೆ ಮಾರುವಂತಿಲ್ಲ. ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ.

ಕೊನೆಗೆ ಕ್ಯಾಮೆರಾ. ವಿಡಿಯೊವನ್ನು ಕನಿಷ್ಠ 90 ದಿನ ಇಡಬೇಕೆಂಬ ನಿಯಮ ನಿಮಗೂ ಅನುಕೂಲವೇ. ಆದರೆ ಹಿಂದಿನ ಎಣಿಕೆಯಿಂದ ಈವರೆಗಿನದನ್ನೆಲ್ಲ ನೋಡಬೇಕಲ್ಲ? ಕಾನೂನು ಕೇಳುವುದು 30 ದಿನಕ್ಕೊಮ್ಮೆ ಎಣಿಸಿ ತಾಳೆ ನೋಡಿ ಎಂದು. ವಾರಕ್ಕೊಮ್ಮೆ ಎಣಿಸಿದರೆ ನೋಡಬೇಕಾದ ವಿಡಿಯೊ ಏಳು ದಿನದ್ದು ಮಾತ್ರ.

ಇಷ್ಟಾದರೂ ಸಿಗದಿದ್ದರೆ ನಿಜವಾದ ಕಾರಣ ಬರೆದು ಹೊಂದಾಣಿಕೆ ಮಾಡಿ. ಎಲ್ಲದಕ್ಕೂ ‘ನಮೂದಿನ ತಪ್ಪು’ ಎಂದು ಬರೆಯುವ ಚಾಳಿ ಬೇಡ. ವರ್ಷಕ್ಕೆ 60 ಸಲ ನಮೂದಿನ ತಪ್ಪು ಮಾಡುವ ಅಂಗಡಿಯನ್ನು ಯಾರಾದರೂ ಬಂದು ನೋಡಿಯೇ ನೋಡುತ್ತಾರೆ. ಕಳ್ಳತನವೆಂದು ತಿಳಿದರೆ ಅಥವಾ ವ್ಯತ್ಯಾಸ ದೊಡ್ಡದಿದ್ದರೆ, ಗೊತ್ತಾದ 24 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು.

ಹಂತ 9: ವ್ಯವಸ್ಥೆಯೇ ಕೈಕೊಟ್ಟಾಗ

ಇಂಟರ್‌ನೆಟ್ ಹೋಯಿತು, ಲಾಗಿನ್ ಆಗುತ್ತಿಲ್ಲ. ಆಗ ಕಾಗದದಲ್ಲಿ ಪೂರ್ತಿ ದಾಖಲೆ ಇಡಿ, ಇಲಾಖೆಗೆ ತಿಳಿಸಿ. ಸಂಪರ್ಕ ಮರಳುವವರೆಗೆ ಮಾಲನ್ನು ಸಾಗಿಸುವುದು, ಬೇರೆ ಪರವಾನಗಿದಾರರಿಗೆ ಕೊಡುವುದು ನಿಲ್ಲಬೇಕು. ಮರಳಿದ ಮೇಲೆ 3 ದಿನದೊಳಗೆ ಎಲ್ಲವನ್ನೂ ನಮೂದಿಸಬೇಕು. ಅಚ್ಚು ಹಾಕಿದ ಖಾಲಿ ನಮೂನೆಗಳ ಒಂದು ಕಟ್ಟು ಕೌಂಟರಿನ ಕೆಳಗೆ ಯಾವಾಗಲೂ ಇರಲಿ.

ಹಂತ 10: ತೆರಿಗೆಯವರ ಕಣ್ಣಿನಿಂದ ಇದೇ ದಾಸ್ತಾನು

ಲೆಕ್ಕಪರಿಶೋಧಕರು ದಾಸ್ತಾನಿನ ಬಗ್ಗೆ ಏಕಿಷ್ಟು ಕಾಡುತ್ತಾರೆ ಎಂದು ಅಂಗಡಿಯವರು ಗೊಣಗುತ್ತಾರೆ. ಕಾರಣ ಫೆಡರಲ್ ತೆರಿಗೆ ಸಂಹಿತೆಯ 280ಇ ವಿಧಿ. ಫೆಡರಲ್ ಕಾನೂನು ಮಾದಕವಸ್ತುಗಳನ್ನು ಪಟ್ಟಿಗಳಾಗಿ ವಿಂಗಡಿಸಿದೆ; ಒಂದು ಮತ್ತು ಎರಡನೆಯ ಪಟ್ಟಿಯ ವಸ್ತುಗಳ ವ್ಯಾಪಾರಿಗಳು ಬಾಡಿಗೆ, ಜಾಹೀರಾತು, ಕೌಂಟರ್ ಸಿಬ್ಬಂದಿಯ ಸಂಬಳದಂಥ ಖರ್ಚುಗಳನ್ನು ಆದಾಯದಿಂದ ಕಳೆಯುವಂತಿಲ್ಲ. ಕಳೆಯಲು ಉಳಿಯುವುದು ಮಾರಿದ ಮಾಲಿನ ವೆಚ್ಚ ಮಾತ್ರ, ಅದು ನಿಂತಿರುವುದು ದಾಸ್ತಾನಿನ ಮೇಲೆ. 100 ಕಿಲೊ ಹಸಿ ರಾಶಿಯಿಂದ 20 ಕಿಲೊ ಒಣ ಹೂವು ಬಂದಿದ್ದರೆ ಬೆಳೆಯ ವೆಚ್ಚವನ್ನೆಲ್ಲ ಆ 20 ಕಿಲೊ ಹೊರಬೇಕು. ನಾಲ್ಕನೆಯ ಹಂತದಲ್ಲಿ ಕಸವನ್ನೂ ನೀರನ್ನೂ ಕಲಸಿಬಿಟ್ಟಿದ್ದರೆ ಗ್ರಾಂ ಒಂದರ ವೆಚ್ಚವನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಗಾಂಜಾದ ಪಟ್ಟಿ ಬದಲಿಸುವ ಚರ್ಚೆ ವಾಷಿಂಗ್ಟನ್‌ನಲ್ಲಿ ನಡೆದೇ ಇದೆ. ನಿಮ್ಮ ವರ್ಷಕ್ಕೆ ಯಾವುದು ಅನ್ವಯಿಸುತ್ತದೆ ಎಂದು ತೆರಿಗೆ ಸಲಹೆಗಾರರನ್ನು ಕೇಳಿ.

ರಾಜ್ಯದ ತೆರಿಗೆಯಲ್ಲಿ ಹಳೆಯ ಎಕ್ಸೆಲ್ ಹಾಳೆಗಳು ಕಾಡುತ್ತವೆ. ತೂಕದ ಮೇಲಿನ ಬೆಳೆ ತೆರಿಗೆ 2022ರ ಜುಲೈ 1ರಿಂದ ಇಲ್ಲ; ಆ ಕಂಬಸಾಲನ್ನು ಅಳಿಸಿ. ಮಾರಾಟದ ಮೇಲಿನ ಅಬಕಾರಿ ತೆರಿಗೆ 2025ರ ಜುಲೈ 1ರಂದು ನೂರಕ್ಕೆ 15ರಿಂದ 19ಕ್ಕೆ ಏರಿ, ಅಕ್ಟೋಬರ್ 1ರಂದು ಮತ್ತೆ 15ಕ್ಕೆ ಇಳಿಯಿತು. ಆ ಮೂರು ತಿಂಗಳ ರಸೀದಿಗಳನ್ನು ಬೇರೆಯಾಗಿಯೇ ತಾಳೆ ನೋಡಿ.

ದಾಖಲೆಗಳನ್ನು ಕನಿಷ್ಠ 7 ವರ್ಷ ಇಡಬೇಕು. ತಂತ್ರಾಂಶ ಕಂಪನಿ ಬದಲಿಸುವಾಗ ಹಳೆಯ ಮಾಹಿತಿಯನ್ನು ಇಳಿಸಿಕೊಳ್ಳದೆ ಖಾತೆ ಮುಚ್ಚಬೇಡಿ. ವರ್ಷದ ಕೊನೆಯ ಎಣಿಕೆಯನ್ನು ಡಿಸೆಂಬರ್ 31ರ ರಾತ್ರಿ 10ಕ್ಕೆ ಬಾಗಿಲು ಹಾಕಿದ ಮೇಲೆ ಶುರುಮಾಡಿ, ಮರುದಿನದ ಮೊದಲ ಬಿಲ್ ಹರಿಯುವ ಮುಂಚೆ ಮುಗಿಸಿ. ಎಣಿಸಿದ ಹಾಳೆಗೆ ಇಬ್ಬರು ಸಹಿ ಹಾಕಿ, ಅದೇ ಗಳಿಗೆಯ ಮೆಟ್ರಿಕ್ ವರದಿಯನ್ನು ಅದಕ್ಕೆ ಪಿನ್ ಮಾಡಿಡಿ.